ವಾಲ್ವ್ ಚಲನೆ ಬದಲಿಸುವ ಎಂಜಿನ್‌ಗಳು: ಯಾವ ಬಗೆ ಯಾರಿಗೆ ಹೊಂದುತ್ತದೆ?

ವಾಹನ ಕೊಳ್ಳಲು ಹೊರಟವರು ಎಂಜಿನ್ ವಿವರಗಳ ಪಟ್ಟಿಯನ್ನು ತೆರೆದರೆ ವಿವಿಟಿ-ಐ, ಐ-ವಿಟೆಕ್, ಡಬಲ್ ವೇನೋಸ್, ವಾಲ್ವ್‌ಟ್ರಾನಿಕ್, ಮಲ್ಟಿಏರ್, ಸಿವಿವಿಡಿ ಎಂಬ ಹೆಸರುಗಳು ಸಾಲುಗಟ್ಟಿ ಎದುರಾಗುತ್ತವೆ. ಸಿಲಿಂಡರಿಗೆ ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ಬಾಗಿಲುಗಳಾದ ವಾಲ್ವ್‌ಗಳ ಚಲನೆಯನ್ನು ಬದಲಿಸುವ ವ್ಯವಸ್ಥೆಗಳ ಹೆಸರುಗಳಿವು. ಎಲ್ಲವೂ ಇಂಧನ ಉಳಿಸುತ್ತವೆ, ಎಲ್ಲವೂ ಶಕ್ತಿ ಹೆಚ್ಚಿಸುತ್ತವೆ ಎಂದೇ ತಯಾರಕರು ಹೇಳುತ್ತಾರೆ. ಎರಡು ಮೂರು ಮಾದರಿಗಳ ನಡುವೆ ಮನಸ್ಸು ತೂಗಾಡುತ್ತಿರುವವರಿಗೆ ಈ ಹೆಸರುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಯಂತ್ರರಚನೆಗಳು ಇರಬಹುದು. ಐ-ವಿಟೆಕ್ ಎಂಬ ಹೆಸರನ್ನೇ ನೋಡಿ: ಒಂದು ಎಂಜಿನ್‌ನಲ್ಲಿ ಅದು ಹೆಚ್ಚು ವೇಗದಲ್ಲಿ ಹೆಚ್ಚು ಶಕ್ತಿ ಕೊಡುವ ಕ್ಯಾಮ್‌ಗೆ (ವಾಲ್ವನ್ನು ಒತ್ತಿ ತೆರೆಯುವ ಉಬ್ಬಿಗೆ) ಬದಲಾಗುವ ವ್ಯವಸ್ಥೆ, ಇನ್ನೊಂದರಲ್ಲಿ ಹಗುರ ಹೊರೆಯಲ್ಲಿ, ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವನ್ನು ತಡವಾಗಿ ಮುಚ್ಚಿ ಇಂಧನ ಉಳಿಸುವ ವ್ಯವಸ್ಥೆ, ಮತ್ತೊಂದರಲ್ಲಿ ಕೆಲವು ಸಿಲಿಂಡರ್‌ಗಳನ್ನೇ ನಿದ್ರೆಗೆ ಕಳಿಸುವ ವ್ಯವಸ್ಥೆ. ಹಾಗಾಗಿ ಹೆಸರನ್ನು ಬದಿಗಿಟ್ಟು, ಒಳಗೆ ನಿಜವಾಗಿ ಬದಲಾಗುವುದೇನು ಎಂಬುದರಿಂದ ಆಯ್ಕೆಯನ್ನು ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಸಮಸ್ಯೆ ಏನೆಂದು ನೋಡೋಣ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ಸುತ್ತುತ್ತದೆ. ಕ್ರ್ಯಾಂಕ್ 6000 ಆರ್‌ಪಿಎಂನಲ್ಲಿರುವಾಗ, ಅಂದರೆ ನಿಮಿಷಕ್ಕೆ 6000 ಸುತ್ತು ಸುತ್ತುವಾಗ, ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚಬೇಕು. ಕ್ರ್ಯಾಂಕ್ 240 ಡಿಗ್ರಿ ತಿರುಗುವಷ್ಟು ಕಾಲ ವಾಲ್ವ್ ತೆರೆದಿರುತ್ತದೆ ಎಂದುಕೊಂಡರೆ ಒಂದು ಸಲದ ಅವಧಿ 7 ಮಿಲಿಸೆಕೆಂಡಿಗಿಂತಲೂ ಕಡಿಮೆ. ಇಷ್ಟು ಅಲ್ಪಾವಧಿಯಲ್ಲಿ ಒಳನುಗ್ಗುವ ಗಾಳಿಗೂ ಜಡತ್ವವಿರುತ್ತದೆ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇರಲು ತೊಡಗಿದ ಮೇಲೂ ಗಾಳಿ ಸ್ವಲ್ಪ ಹೊತ್ತು ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಆದ್ದರಿಂದ ವೇಗ ಹೆಚ್ಚಿದಾಗ ಇನ್‌ಲೆಟ್ ವಾಲ್ವನ್ನು ತಡವಾಗಿ ಮುಚ್ಚಿದರೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಅದೇ ತಡ 1500 ಆರ್‌ಪಿಎಂನಲ್ಲಿ ತೊಂದರೆಯಾಗುತ್ತದೆ, ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಹೊರಕ್ಕೆ ತಳ್ಳುತ್ತದೆ, ಟಾರ್ಕ್ (ತಿರುಗಿಸುವ ಬಲ) ಕುಸಿಯುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ಮತ್ತು ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವ್‌ಗಳೆರಡೂ ಏಕಕಾಲಕ್ಕೆ ತೆರೆದಿರುವ ಓವರ್‌ಲ್ಯಾಪ್ ಅವಧಿಯ ಕಥೆಯೂ ಇದೇ: ಹೆಚ್ಚು ವೇಗದಲ್ಲಿ ಅದು ಬೇಕು, ವಾಹನ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ಅದೇ ಎಂಜಿನ್ ನಡುಗಲು ಕಾರಣವಾಗುತ್ತದೆ. ಬದಲಾಗದ ಕ್ಯಾಮ್ ಇರುವ ಎಂಜಿನ್ ಈ ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡು ಕುಳಿತಿರುತ್ತದೆ.

ಪೆಟ್ರೋಲ್ ಎಂಜಿನ್‌ಗೆ ಇನ್ನೊಂದು ಹೊರೆಯೂ ಇದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ, ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಆ ಕಿರಿದಾದ ಕಿಂಡಿಯ ಮೂಲಕ ಗಾಳಿ ಎಳೆಯಲು ಪಿಸ್ಟನ್ ತನ್ನದೇ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಪಂಪಿಂಗ್ ನಷ್ಟ ಎಂದು ಕರೆಯುವ ಈ ಖರ್ಚು ನಿಧಾನಗತಿಯ ಸಂಚಾರದಲ್ಲಿ ಅತಿ ಹೆಚ್ಚು. ವಾಲ್ವ್ ಚಲನೆ ಬದಲಿಸುವ ವ್ಯವಸ್ಥೆಗಳು ಒಂದೋ ರಾಜಿಯನ್ನು ಸಡಿಲಿಸುತ್ತವೆ, ಇಲ್ಲವೇ ಈ ನಷ್ಟವನ್ನು ತಗ್ಗಿಸುತ್ತವೆ, ಕೆಲವು ಎರಡನ್ನೂ ಮಾಡುತ್ತವೆ.

ತೂಗಿ ನೋಡಲು ಬೇಕಾದ ಅಳತೆಗೋಲುಗಳು

ಮೊದಲನೆಯದು, ಬದಲಾಗುವುದು ಏನು ಎಂಬುದು. ವಾಲ್ವ್ ತೆರೆಯುವ ಮುಚ್ಚುವ ಸಮಯವಷ್ಟೇ ಹಿಂದೆ ಮುಂದೆ ಸರಿಯುತ್ತದೆಯೇ, ತೆರೆದಿರುವ ಅವಧಿ ಬದಲಾಗುತ್ತದೆಯೇ, ಅಥವಾ ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಎಂಬ ಲಿಫ್ಟ್ ಬದಲಾಗುತ್ತದೆಯೇ? ಎರಡನೆಯದು, ಆ ಬದಲಾವಣೆ ಎರಡು ಹಂತಗಳಲ್ಲಿ ಆಗುತ್ತದೆಯೋ, ಎಡೆಬಿಡದೆ ಹಂತವಿಲ್ಲದೆ ಆಗುತ್ತದೆಯೋ ಎಂಬುದು. ಮೂರನೆಯದು, ಬದಲಾಯಿಸುವ ಬಲ ಎಲ್ಲಿಂದ ಬರುತ್ತದೆ ಎಂಬುದು: ಎಂಜಿನ್ ಆಯಿಲ್‌ನ ಒತ್ತಡದಿಂದಲೋ, ವಿದ್ಯುತ್ ಮೋಟರಿನಿಂದಲೋ? ಕೊಳ್ಳುವವರು ಅತಿ ಕಡಿಮೆ ವಿಚಾರಿಸುವ ಅಂಶ ಈ ಮೂರನೆಯದೇ; ಹತ್ತು ವರ್ಷಗಳ ಬಾಳಿಕೆಯನ್ನು ನಿರ್ಧರಿಸುವುದೂ ಬಹುಮಟ್ಟಿಗೆ ಅದೇ.

ಇವು ಯಂತ್ರದ ಕಡೆಯ ಪ್ರಶ್ನೆಗಳು. ನಿಮ್ಮ ಕಡೆಯದು ಇನ್ನೊಂದಿದೆ: ನಿಮ್ಮ ಎಂಜಿನ್ ತನ್ನ ಆಯುಷ್ಯದ ಹೆಚ್ಚು ಭಾಗವನ್ನು ಯಾವ ಹೊರೆಯಲ್ಲಿ, ಯಾವ ವೇಗದಲ್ಲಿ ಕಳೆಯುತ್ತದೆ? ದಟ್ಟಣೆಯಲ್ಲಿ ನಿಂತು ಸಾಗುವ ಕಾರು, ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡುವ ಕಾರು, ಸದಾ 8000 ಆರ್‌ಪಿಎಂ ದಾಟಿಸಿ ಓಡಿಸುವ ಬೈಕು, ಏರಿನಲ್ಲಿ ಭಾರ ಎಳೆಯುವ ಲಾರಿ, ಇವುಗಳಿಗೆ ಒಂದೇ ಉತ್ತರ ಇರಲಾರದು. ಇದರ ಜೊತೆಗೆ ವಾಹನವನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ನಿಗದಿತ ಸಮಯಕ್ಕೆ ಆಯಿಲ್ ಬದಲಿಸುವ ಶಿಸ್ತು ನಿಮಗಿದೆಯೇ ಎಂಬುದನ್ನೂ ಸೇರಿಸಿಕೊಳ್ಳಿ.

ಕ್ಯಾಮ್ ಫೇಸಿಂಗ್: ಬಹುಪಾಲು ಜನರಿಗೆ ಸಾಕಾಗುವ ಬಗೆ

ಎಲ್ಲಕ್ಕಿಂತ ಸರಳವೂ ಎಲ್ಲಕ್ಕಿಂತ ವ್ಯಾಪಕವೂ ಆದ ವ್ಯವಸ್ಥೆ ಇದು. ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಚೈನ್ ತಿರುಗಿಸುವ ಸ್ಪ್ರಾಕೆಟ್ ಎಂಬ ಹಲ್ಲುಚಕ್ರದ ಒಳಗೆ ಫೇಸರ್ ಎಂಬ ಡಬ್ಬಿ ಇರುತ್ತದೆ. ಅದರೊಳಗಿನ ರೆಕ್ಕೆಗಳ ಎರಡೂ ಬದಿಯ ಕೋಣೆಗಳಿಗೆ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಆಯಿಲ್ ಹಂಚುತ್ತದೆ; ಯಾವ ಬದಿಗೆ ಹೆಚ್ಚು ಆಯಿಲ್ ಹೋಯಿತೋ ಅದಕ್ಕೆ ತಕ್ಕಂತೆ ಕ್ಯಾಮ್‌ಶಾಫ್ಟ್ ಚೈನಿಗಿಂತ ಕೆಲವು ಡಿಗ್ರಿ ಮುಂದೆ ಅಥವಾ ಹಿಂದೆ ಸರಿಯುತ್ತದೆ. ವಾಲ್ವ್ ತೆರೆದಿರುವ ಅವಧಿಯಾಗಲಿ ಲಿಫ್ಟ್ ಆಗಲಿ ಬದಲಾಗುವುದಿಲ್ಲ. ಇಡೀ ಚಲನೆ ಬೇಗ ಅಥವಾ ತಡವಾಗಿ ನಡೆಯುತ್ತದೆ, ಅಷ್ಟೇ. 1980ರಲ್ಲಿ ಆಲ್ಫಾ ರೋಮಿಯೊ ಸ್ಪೈಡರ್ ಕಾರಿನಲ್ಲಿ ಈ ಕಲ್ಪನೆ ಮಾರುಕಟ್ಟೆಗೆ ಬಂತು. 1992ರಲ್ಲಿ ಬಂದ ಬಿಎಂಡಬ್ಲ್ಯೂ ಕಂಪನಿಯ ವೇನೋಸ್ ಮೊದಲು ಇನ್‌ಲೆಟ್ ಬದಿಯಲ್ಲಿ ಎರಡೇ ಸ್ಥಾನಗಳ ನಡುವೆ ಬದಲಾಗುತ್ತಿತ್ತು. 1995ರ ಹೊತ್ತಿಗೆ ಟೊಯೊಟಾದ ವಿವಿಟಿ-ಐ ಹಂತವಿಲ್ಲದೆ ಸರಿಯುವ ಫೇಸರ್ ತಂದಿತು. ಈಗ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಕ್ಯಾಮ್‌ಗಳಲ್ಲಿ ಫೇಸರ್ ಇರುವುದೇ ಸಾಮಾನ್ಯವಾಗುತ್ತಿದೆ.

ಇನ್‌ಲೆಟ್ ಬದಿಗೆ ಮಾತ್ರ ಫೇಸರ್ ಇದ್ದರೆ ಸಾಕೇ, ಎರಡೂ ಬದಿಗೆ ಇರಬೇಕೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಇನ್‌ಲೆಟ್ ಫೇಸರ್ ಒಂದರಿಂದಲೇ ಕೆಳವೇಗದ ಟಾರ್ಕ್ ಮತ್ತು ಐಡ್ಲಿಂಗ್‌ನ ಸ್ಥಿರತೆ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತವೆ. ಸಣ್ಣ ಎಂಜಿನ್‌ನ, ಕಡಿಮೆ ಬೆಲೆಯ ಕಾರಿಗೆ ಇದು ನ್ಯಾಯವಾದ ಆಯ್ಕೆ. ಎಕ್ಸಾಸ್ಟ್ ಬದಿಗೂ ಫೇಸರ್ ಸೇರಿದಾಗ ಎಕ್ಸಾಸ್ಟ್ ವಾಲ್ವನ್ನು ತಡವಾಗಿ ಮುಚ್ಚಿ, ಸುಟ್ಟ ಅನಿಲದ ಒಂದು ಪಾಲನ್ನು ಸಿಲಿಂಡರಿನಲ್ಲಿಯೇ ಉಳಿಸಿಕೊಳ್ಳಬಹುದು. ಹೀಗೆ ಉಳಿದ ಅನಿಲ ದಹನದ ಉಷ್ಣತೆಯನ್ನು ತಗ್ಗಿಸುವುದರಿಂದ ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆಯಾಗುತ್ತವೆ, ಅಷ್ಟೇ ಶಕ್ತಿಗೆ ಥ್ರಾಟಲನ್ನು ಸ್ವಲ್ಪ ಹೆಚ್ಚು ತೆರೆಯಬೇಕಾಗಿ ಬರುವುದರಿಂದ ಪಂಪಿಂಗ್ ನಷ್ಟವೂ ಇಳಿಯುತ್ತದೆ. ಇಂಧನ ಉಳಿತಾಯ ಶೇಕಡಾವಾರು ಒಂದಂಕಿಯದ್ದೇ ಹೊರತು ಪವಾಡವೇನಲ್ಲ. ಆದರೂ ಕೊಟ್ಟ ಹಣಕ್ಕೆ ದೊರೆಯುವ ಪ್ರಯೋಜನದ ಲೆಕ್ಕದಲ್ಲಿ ಇದನ್ನು ಮೀರಿಸುವ ವ್ಯವಸ್ಥೆ ನನಗೆ ಕಂಡಿಲ್ಲ.

ದೌರ್ಬಲ್ಯ ಇರುವುದು ಆಯಿಲ್‌ನಲ್ಲಿ. ಎಂಜಿನ್ ತಣ್ಣಗಿದ್ದಾಗ ಆಯಿಲ್ ದಪ್ಪವಾಗಿರುತ್ತದೆ. ಚೆನ್ನಾಗಿ ಕಾದು ಐಡ್ಲಿಂಗ್‌ನಲ್ಲಿರುವಾಗ ಅದರ ಒತ್ತಡ ಇಳಿದಿರುತ್ತದೆ. ಎರಡೂ ಸಂದರ್ಭಗಳಲ್ಲಿ ಫೇಸರ್ ಹೇಳಿದಂತೆ ಕೇಳುವುದು ನಿಧಾನ. ಎಂಜಿನ್ ನಿಂತಾಗ ಆಯಿಲ್ ಸೋರಿ ಹೋಗುವುದರಿಂದ ಫೇಸರನ್ನು ಒಂದು ಪಿನ್ ಹಿಡಿದಿಡುತ್ತದೆ. ಆ ಪಿನ್ ಅಥವಾ ಅದರ ರಂಧ್ರ ಸವೆದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡು ಕಟಕಟ ಸದ್ದು ಕೇಳಿಸುತ್ತದೆ. ಸೊಲೆನಾಯ್ಡ್‌ನ ಬಾಯಿಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಜಾಲರಿ ಇರುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಬಂದಿದ್ದ ಒಂದು ಎಂಜಿನ್‌ನಲ್ಲಿ ಅದನ್ನು ಹೊರತೆಗೆದಾಗ ಇಡೀ ಜಾಲರಿ ಕಪ್ಪು ಜಿಡ್ಡಿನಿಂದ ಮುಚ್ಚಿಹೋಗಿದ್ದುದನ್ನು ನಾನೇ ಕಂಡಿದ್ದೇನೆ. ಫೇಸರ್ ಬದಲಿಸಬೇಕೆಂದು ತೀರ್ಮಾನವಾಗಿದ್ದ ಎಂಜಿನ್ ಅದು. ಜಾಲರಿ ಸ್ವಚ್ಛವಾಗಿ, ಹೊಸ ಆಯಿಲ್ ಬಿದ್ದ ಮೇಲೆ ಸರಿಯಾಗಿ ನಡೆಯಿತು.

ಆಯಿಲ್ ಬದಲು ವಿದ್ಯುತ್ ಮೋಟರ್ ಇರುವ ಫೇಸರ್‌ಗಳೂ ಇವೆ. 2006ರ ಲೆಕ್ಸಸ್ ಎಲ್‌ಎಸ್ 460 ಕಾರಿನ ಇನ್‌ಲೆಟ್ ಬದಿಯಲ್ಲಿ ಟೊಯೊಟಾ ಇದನ್ನು ಅಳವಡಿಸಿತು. ಮೋಟರ್ ಕ್ಯಾಮ್‌ಶಾಫ್ಟಿನಷ್ಟೇ ವೇಗದಲ್ಲಿ ಸುತ್ತುತ್ತಿದ್ದರೆ ಸ್ಥಾನ ಹಾಗೆಯೇ ಉಳಿಯುತ್ತದೆ. ಸ್ವಲ್ಪ ವೇಗವಾಗಿ ಅಥವಾ ನಿಧಾನವಾಗಿ ಸುತ್ತಿದರೆ ಕ್ಯಾಮ್ ಮುಂದೆ ಅಥವಾ ಹಿಂದೆ ಸರಿಯುತ್ತದೆ. ತಣ್ಣಗಿನ ಎಂಜಿನ್‌ನಲ್ಲೂ, ಸ್ಟಾರ್ಟ್ ಆಗುವ ಗಳಿಗೆಯಲ್ಲೂ ಇದು ಕೆಲಸ ಮಾಡಬಲ್ಲದು. ದಾರಿಯಲ್ಲಿ ಪದೇ ಪದೇ ಎಂಜಿನ್ ನಿಲ್ಲಿಸಿ ಹೊರಡುವ ಹೈಬ್ರಿಡ್ ವಾಹನಗಳಿಗೆ ಈ ಗುಣ ಬಹಳ ಮುಖ್ಯ. ಬಿಡಿಭಾಗದ ಬೆಲೆ ಹೆಚ್ಚು ಎಂಬುದು ಇದರ ವಿರುದ್ಧದ ಮಾತು. ಹೈಬ್ರಿಡ್ ಕೊಳ್ಳುವವರು ಎರಡು ಮಾದರಿಗಳಲ್ಲಿ ಒಂದಕ್ಕೆ ವಿದ್ಯುತ್ ಫೇಸರ್ ಇದ್ದರೆ ಅದನ್ನೇ ಆರಿಸಿಕೊಳ್ಳಬೇಕು ಎನ್ನುವೆ. ಉಳಿದವರು ಅದಕ್ಕಾಗಿಯೇ ಹೆಚ್ಚು ಹಣ ಕೊಡಬೇಕಾಗಿಲ್ಲ.

ಫೇಸರ್‌ನ ವ್ಯಾಪ್ತಿ ಹೆಚ್ಚಿದಂತೆ ಇನ್ನೊಂದು ಸಾಧ್ಯತೆ ತೆರೆದುಕೊಳ್ಳುತ್ತದೆ. ಇನ್‌ಲೆಟ್ ವಾಲ್ವನ್ನು ಬಹಳ ತಡವಾಗಿ ಮುಚ್ಚಿ ಸಂಪೀಡನವನ್ನು ಚಿಕ್ಕದಾಗಿಸಿ, ವಿಸ್ತರಣೆಯನ್ನು ಪೂರ್ತಿ ಉದ್ದಕ್ಕೆ ಉಳಿಸಿಕೊಳ್ಳುವ ಅಟ್ಕಿನ್‌ಸನ್ ಚಕ್ರದ ವಿಧಾನ ಅದು. 1997ರ ಪ್ರಿಯಸ್ ಕಾರಿನ ಎಂಜಿನ್ 13ರ ಆಸುಪಾಸಿನ ಸಂಪೀಡನ ಅನುಪಾತ ಇಟ್ಟುಕೊಂಡೂ ನಾಕಿಂಗ್ (ಇಂಧನ ಅಕಾಲದಲ್ಲಿ ಸಿಡಿಯುವುದು) ಇಲ್ಲದೆ ನಡೆಯಲು ಇದೇ ಕಾರಣ. ಕೆಳವೇಗದಲ್ಲಿ ಟಾರ್ಕ್ ಕಡಿಮೆಯಾಗುವುದು ಇದರ ಬೆಲೆ. ಹೈಬ್ರಿಡ್‌ನಲ್ಲಿ ಆ ಕೊರತೆಯನ್ನು ವಿದ್ಯುತ್ ಮೋಟರ್ ತುಂಬಿಕೊಡುತ್ತದೆ. ಮೋಟರ್ ಇಲ್ಲದ ಕಾರಿನಲ್ಲಿ ಈ ವಿಧಾನವಿದ್ದರೆ ಹೊರಡುವ ಚುರುಕನ್ನು ಓಡಿಸಿ ನೋಡಿಯೇ ತೀರ್ಮಾನಿಸಿ.

ಎರಡು ಕ್ಯಾಮ್‌ಗಳ ನಡುವೆ ಬದಲಾಗುವ ಬಗೆ

ಒಂದೇ ವಾಲ್ವ್‌ಗೆ ಎರಡು ಬೇರೆ ಬೇರೆ ಆಕಾರದ ಕ್ಯಾಮ್ ಲೋಬ್‌ಗಳನ್ನು, ಅಂದರೆ ಉಬ್ಬುಗಳನ್ನು, ಇಟ್ಟು, ಕೆಳವೇಗದಲ್ಲಿ ಚಿಕ್ಕದನ್ನೂ ಮೇಲಿನ ವೇಗದಲ್ಲಿ ದೊಡ್ಡದನ್ನೂ ಬಳಸುವುದು ಈ ವಿಧಾನದ ತಿರುಳು. 1989ರಲ್ಲಿ ಹೋಂಡಾ ಇಂಟೆಗ್ರಾ ಕಾರಿನಲ್ಲಿ ಬಂದ ವಿಟೆಕ್ ಇದನ್ನು ಮನೆಮಾತಾಗಿಸಿತು. 1.6 ಲೀಟರಿನ ಆ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದೆ 7600 ಆರ್‌ಪಿಎಂನಲ್ಲಿ 160 ಅಶ್ವಶಕ್ತಿ ಕೊಡುತ್ತಿತ್ತು; ಲೀಟರಿಗೆ ನೂರು ಅಶ್ವಶಕ್ತಿ ಎಂಬುದು ಅಂದು ದಿನಬಳಕೆಯ ಕಾರಿನಲ್ಲಿ ಊಹಿಸದಿದ್ದ ಸಂಖ್ಯೆ. ಲೋಬಿನ ಒತ್ತನ್ನು ವಾಲ್ವ್‌ಗೆ ದಾಟಿಸುವ ಅಕ್ಕಪಕ್ಕದ ರಾಕರ್ ಆರ್ಮ್‌ಗಳು ಕೆಳವೇಗದಲ್ಲಿ ತಮ್ಮ ತಮ್ಮ ಲೋಬ್ ಅನುಸರಿಸುತ್ತವೆ. ನಿಗದಿತ ವೇಗ ದಾಟಿದೊಡನೆ ಆಯಿಲ್ ಒತ್ತಡ ಒಂದು ಪಿನ್ ತಳ್ಳುತ್ತದೆ, ಎಲ್ಲ ಆರ್ಮ್‌ಗಳೂ ಒಂದಾಗಿ ನಡುವಿನ ಎತ್ತರದ ಲೋಬಿನಂತೆ ಕುಣಿಯತೊಡಗುತ್ತವೆ. ಆ ಕ್ಷಣದಲ್ಲಿ ಎಂಜಿನ್‌ನ ಸ್ವರವೇ ಬದಲಾಗುವುದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಆಡಿಯ ವಾಲ್ವ್‌ಲಿಫ್ಟ್ ವ್ಯವಸ್ಥೆ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ: ಲೋಬ್‌ಗಳಿರುವ ತೋಳು ಕ್ಯಾಮ್‌ಶಾಫ್ಟಿನ ಉದ್ದಕ್ಕೆ ಜಾರುತ್ತದೆ, ಅದನ್ನು ಜಾರಿಸುವುದು ವಿದ್ಯುತ್ತಿನಿಂದ ಹೊರಚಾಚುವ ಪಿನ್. ಬಿಎಂಡಬ್ಲ್ಯೂ ತನ್ನ ಆರ್ 1250 ಜಿಎಸ್ ಬೈಕಿನಲ್ಲಿ ಶಿಫ್ಟ್‌ಕ್ಯಾಮ್ ಎಂದು ಕರೆದದ್ದೂ ಇದೇ ತತ್ವವನ್ನು. ಯಮಾಹಾದ 155 ಸಿಸಿ ಎಂಜಿನ್‌ಗಳ ವಿವಿಎ ಕೂಡ ಎರಡು ಹಂತದ್ದೇ, ಇನ್‌ಲೆಟ್ ವಾಲ್ವ್‌ಗಳಿಗೆ ಮಾತ್ರ.

ಈ ಬಗೆಯ ಬಲವೂ ಮಿತಿಯೂ ಒಂದೇ ಜಾಗದಲ್ಲಿವೆ. ಎರಡು ತುದಿಗಳಲ್ಲಿ ಎಂಜಿನ್ ಅತ್ಯುತ್ತಮವಾಗಿರುತ್ತದೆ. ನಡುವೆ ಮಾತ್ರ ಏನನ್ನೂ ಬದಲಿಸಲಾಗದು. ಇದೇ ಕಾರಣಕ್ಕೆ ನಂತರದ ವರ್ಷಗಳಲ್ಲಿ ಎರಡು ಹಂತದ ಲಿಫ್ಟ್ ಜೊತೆಗೆ ಹಂತವಿಲ್ಲದ ಫೇಸರನ್ನೂ ಜೋಡಿಸುವುದು ರೂಢಿಗೆ ಬಂತು. ಪೋರ್ಷೆಯ ವೇರಿಯೊಕ್ಯಾಮ್ ಪ್ಲಸ್, ಟೊಯೊಟಾದ ವಿವಿಟಿಎಲ್-ಐ ಅಂಥವು. ಎಂಜಿನನ್ನು ಮೇಲಿನ ವೇಗಕ್ಕೆ ಏರಿಸಿ ಓಡಿಸುವುದರಲ್ಲಿ ಸಂತೋಷ ಕಾಣುವವರಿಗೆ ಈ ಜೋಡಿಯನ್ನು ಹಿಂಜರಿಕೆಯಿಲ್ಲದೆ ಹೇಳಬಲ್ಲೆ. ಆದರೆ 3500 ಆರ್‌ಪಿಎಂ ದಾಟದೆ ಗೇರ್ ಬದಲಿಸುವ ಅಭ್ಯಾಸವುಳ್ಳವರು ಶಕ್ತಿಗಾಗಿ ಇಟ್ಟ ದೊಡ್ಡ ಲೋಬನ್ನು ತಿಂಗಳಿಗೊಮ್ಮೆಯೂ ಮುಟ್ಟುವುದಿಲ್ಲ. ಬಳಸದ ಭಾಗಕ್ಕೆ ಅವರು ಹಣ ಕೊಟ್ಟಂತಾಗುತ್ತದೆ.

ಇದೇ ಯಂತ್ರರಚನೆಯ ಇನ್ನೊಂದು ಮುಖ ಸಿಲಿಂಡರ್ ನಿಷ್ಕ್ರಿಯಗೊಳಿಸುವಿಕೆ. ದೊಡ್ಡ ಲೋಬಿನ ಜಾಗದಲ್ಲಿ ಉಬ್ಬೇ ಇಲ್ಲದ ದುಂಡು ಲೋಬ್ ಇಟ್ಟರೆ ಆ ಸಿಲಿಂಡರಿನ ವಾಲ್ವ್‌ಗಳು ಮುಚ್ಚಿಯೇ ಇರುತ್ತವೆ. ಉಳಿದ ಸಿಲಿಂಡರ್‌ಗಳು ಹೆಚ್ಚು ಹೊರೆ ಹೊತ್ತು, ಥ್ರಾಟಲ್ ಹೆಚ್ಚು ತೆರೆದು, ಕಡಿಮೆ ನಷ್ಟದಲ್ಲಿ ದುಡಿಯುತ್ತವೆ. 2012ರಲ್ಲಿ ಫೋಕ್ಸ್‌ವ್ಯಾಗನ್ ತನ್ನ 1.4 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್‌ನಲ್ಲಿ ಎರಡು ಸಿಲಿಂಡರ್‌ಗಳನ್ನು ಹೀಗೆ ನಿಲ್ಲಿಸಿತು. ಹೆದ್ದಾರಿಯಲ್ಲಿ ಸಮವೇಗದಲ್ಲಿ ದೂರ ಹೋಗುವವರಿಗೆ ಇದರ ಲಾಭ ಖಂಡಿತ ಸಿಗುತ್ತದೆ. ನಿಂತು ಸಾಗುವ ಸಂಚಾರದಲ್ಲಿ ಹೊರೆ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಸಿಲಿಂಡರ್‌ಗಳು ನಿದ್ರಿಸುವ ಅವಕಾಶವೇ ಕಡಿಮೆ.

ಲಿಫ್ಟನ್ನೇ ಹಂತವಿಲ್ಲದೆ ಬದಲಿಸುವ ಬಗೆ

ಪಂಪಿಂಗ್ ನಷ್ಟದ ಮೂಲಕ್ಕೇ ಕೈಹಾಕುವುದು ಈ ಗುಂಪು. 2001ರಲ್ಲಿ ಬಿಎಂಡಬ್ಲ್ಯೂ 316ಟಿಐ ಕಾರಿನಲ್ಲಿ ಬಂದ ವಾಲ್ವ್‌ಟ್ರಾನಿಕ್‌ನಲ್ಲಿ ಕ್ಯಾಮ್ ಮತ್ತು ರಾಕರ್ ನಡುವೆ ಒಂದು ಮಧ್ಯವರ್ತಿ ಲಿವರ್ ಇದೆ. ವಿದ್ಯುತ್ ಮೋಟರ್ ಒಂದು ಓರೆಕೇಂದ್ರದ ಶಾಫ್ಟನ್ನು ತಿರುಗಿಸಿ ಆ ಲಿವರಿನ ನಿಲುವನ್ನು ಬದಲಿಸುತ್ತದೆ. ಅದರಿಂದ ಇನ್‌ಲೆಟ್ ವಾಲ್ವ್‌ನ ಲಿಫ್ಟ್ ಸುಮಾರು 0.3 ಮಿಲಿಮೀಟರಿನಿಂದ 9.7 ಮಿಲಿಮೀಟರಿನವರೆಗೆ ಬೇಕಾದಷ್ಟು ಆಗುತ್ತದೆ. ಎಷ್ಟು ಗಾಳಿ ಬೇಕೆಂಬುದನ್ನು ವಾಲ್ವೇ ಅಳೆದು ಕೊಡುವುದರಿಂದ ಥ್ರಾಟಲನ್ನು ಬಹುತೇಕ ತೆರೆದೇ ಇಡಬಹುದು. ಇಂಧನ ಉಳಿತಾಯ ಶೇ. 10ರ ಸುಮಾರಿನಲ್ಲಿದೆ ಎಂದು ತಯಾರಕರು ಹೇಳಿದ್ದರು. ಹಗುರ ಹೊರೆಯಲ್ಲಿಯೇ ಹೆಚ್ಚು ಕಾಲ ಇರುವ, ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಅದು ನಂಬಬಹುದಾದ ಸಂಖ್ಯೆಯೇ. ವಾಲ್ವ್ ಕಿರಿದಾಗಿ ತೆರೆದಾಗ ಗಾಳಿ ಆ ಸಂದಿಯಲ್ಲಿ ರಭಸದಿಂದ ನುಗ್ಗುತ್ತದೆ, ಅದರಿಂದ ಇಂಧನವೂ ಚೆನ್ನಾಗಿ ಬೆರೆಯುತ್ತದೆ. ಟೊಯೊಟಾದ ವಾಲ್ವ್‌ಮ್ಯಾಟಿಕ್ ಮತ್ತು ನಿಸ್ಸಾನ್‌ನ ವಿವಿಇಎಲ್, ಎರಡೂ 2007ರ ಸುಮಾರಿಗೆ ಬಂದವು, ಇದೇ ಗುರಿಯನ್ನು ಬೇರೆ ಬೇರೆ ಲಿವರ್ ಜೋಡಣೆಗಳಿಂದ ಮುಟ್ಟುತ್ತವೆ.

ಬೆಲೆ ತೆರಬೇಕಾದ ಕಡೆಗಳೂ ಹಲವು. ಸಿಲಿಂಡರ್ ಹೆಡ್ ಎತ್ತರವಾಗುತ್ತದೆ, ಭಾಗಗಳ ಸಂಖ್ಯೆ ಏರುತ್ತದೆ, ಅವುಗಳ ನಡುವಿನ ಅಳತೆ ಅತ್ಯಂತ ನಿಖರವಾಗಿರಬೇಕಾಗುತ್ತದೆ: 0.3 ಮಿಲಿಮೀಟರ್ ತೆರೆಯುವಾಗ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಅತಿ ಚಿಕ್ಕ ವ್ಯತ್ಯಾಸ ಬಂದರೂ ಐಡ್ಲಿಂಗ್ ಒರಟಾಗುತ್ತದೆ. ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ (ಗಾಳಿ ಒಳಬರುವ ಕೊಳವೆಗಳಲ್ಲಿ) ನಿರ್ವಾತ ಸಾಲದಾದ್ದರಿಂದ, ಆ ನಿರ್ವಾತದ ಬಲದಿಂದ ನಡೆಯುವ ಬ್ರೇಕ್ ಬೂಸ್ಟರಿಗೆ ಪ್ರತ್ಯೇಕ ಪಂಪು ಬೇಕು. ಮೋಟರ್ ಇಲ್ಲವೇ ಅದರ ಸ್ಥಾನ ಅಳೆಯುವ ಸೆನ್ಸರ್ ಕೆಟ್ಟರೆ ಎಂಜಿನ್ ಲಿಫ್ಟನ್ನು ಪೂರ್ತಿ ತೆರೆದು ಸಾಮಾನ್ಯ ಥ್ರಾಟಲಿನ ಆಸರೆಯಲ್ಲಿ ಹೇಗೋ ಮನೆ ಸೇರಿಸುತ್ತದೆ, ಆದರೆ ದುರಸ್ತಿಗೆ ಅನುಭವಿ ಕೈಗಳೇ ಬೇಕು. ಹೊಸದಾಗಿ ಕೊಂಡು ವಾರಂಟಿಯ ಅವಧಿಯಲ್ಲಿ ಬಳಸುವವರಿಗೆ ಇದು ಒಳ್ಳೆಯ ಆಯ್ಕೆ. ಮೂರನೆಯ ಮಾಲೀಕರಾಗಿ ಕೊಳ್ಳುವವರು ಸರ್ವಿಸ್ ದಾಖಲೆ ಪೂರ್ತಿ ಇಲ್ಲದಿದ್ದರೆ ದೂರವಿರುವುದು ಕ್ಷೇಮ.

ಅವಧಿಯನ್ನು ಬದಲಿಸುವ ಬಗೆ

ಲಿಫ್ಟ್ ಹಾಗೆಯೇ ಇದ್ದು, ವಾಲ್ವ್ ತೆರೆದಿರುವ ಕಾಲವಷ್ಟೇ ಹಿಗ್ಗುವ ಕುಗ್ಗುವ ವ್ಯವಸ್ಥೆಗಳು ವಿರಳ. ರೋವರ್ ಕಂಪನಿಯ ವಿವಿಸಿ 1995ರಲ್ಲಿ ಎಂಜಿ ಎಫ್ ಕಾರಿನಲ್ಲಿ ಬಂದಿತ್ತು. 2019ರಲ್ಲಿ ಹ್ಯುಂಡೈ ತನ್ನ ಸಿವಿವಿಡಿಯನ್ನು 1.6 ಲೀಟರ್ ಟರ್ಬೊ ಎಂಜಿನ್ ಜೊತೆ ಪ್ರಕಟಿಸಿತು. ಎರಡರ ತತ್ವವೂ ಸೊಗಸಾದದ್ದು: ಕ್ಯಾಮನ್ನು ಓರೆಕೇಂದ್ರದ ಕೊಂಡಿಯ ಮೂಲಕ ಸುತ್ತಿಸಿದರೆ ಅದು ಒಂದು ಸುತ್ತಿನೊಳಗೇ ಒಮ್ಮೆ ವೇಗವಾಗಿ ಒಮ್ಮೆ ನಿಧಾನವಾಗಿ ತಿರುಗುತ್ತದೆ, ಲೋಬ್ ವಾಲ್ವನ್ನು ಒತ್ತುತ್ತಿರುವ ಹೊತ್ತಿನಲ್ಲಿ ನಿಧಾನವಾದರೆ ವಾಲ್ವ್ ಹೆಚ್ಚು ಕಾಲ ತೆರೆದಿರುತ್ತದೆ. ಶಕ್ತಿಯಲ್ಲಿ ಶೇ. 4, ಇಂಧನಕ್ಷಮತೆಯಲ್ಲಿ ಶೇ. 5 ಸುಧಾರಣೆ, ಹೊರಸೂಸುವಿಕೆಯಲ್ಲಿ ಶೇ. 12 ಇಳಿಕೆ ಎಂಬುದು ಹ್ಯುಂಡೈ ಕೊಟ್ಟ ಲೆಕ್ಕ. ಕೇವಲ ಫೇಸರ್ ಇರುವ ಎಂಜಿನ್‌ನಲ್ಲಿ ವಾಲ್ವ್ ಮುಚ್ಚುವುದನ್ನು ತಡ ಮಾಡಿದರೆ ತೆರೆಯುವುದೂ ತಡವಾಗುತ್ತದೆ. ಇಲ್ಲಿ ಆ ಗಂಟು ಬಿಡಿಸಿಕೊಳ್ಳುತ್ತದೆ. ಒಂದೇ ಕಾರಿನ ಎರಡು ಎಂಜಿನ್‌ಗಳಲ್ಲಿ ಒಂದಕ್ಕೆ ಇದಿದ್ದು ಬೆಲೆಯ ಅಂತರ ಸಣ್ಣದಾಗಿದ್ದರೆ ಧೈರ್ಯವಾಗಿ ಆರಿಸಿ.

ಆಯಿಲ್ ಕಂಬದ ಮೂಲಕ ವಾಲ್ವ್ ತೆರೆಯುವ ಬಗೆ

ಫಿಯಟ್ 2009ರಲ್ಲಿ ಆಲ್ಫಾ ರೋಮಿಯೊ ಮಿಟೊ ಕಾರಿನೊಂದಿಗೆ ತಂದ ಮಲ್ಟಿಏರ್ ಈ ಪಟ್ಟಿಯಲ್ಲೇ ಅತ್ಯಂತ ಸ್ವತಂತ್ರವಾದ ವ್ಯವಸ್ಥೆ. ಕ್ಯಾಮ್ ಇಲ್ಲಿ ಇನ್‌ಲೆಟ್ ವಾಲ್ವನ್ನು ನೇರವಾಗಿ ಮುಟ್ಟುವುದಿಲ್ಲ. ಒಂದು ಚಿಕ್ಕ ಪಿಸ್ಟನನ್ನು ಒತ್ತುತ್ತದೆ, ಅದರ ಕೆಳಗಿನ ಆಯಿಲ್ ಕಂಬ ವಾಲ್ವನ್ನು ಒತ್ತುತ್ತದೆ. ನಡುವಿನ ಸೊಲೆನಾಯ್ಡ್ ಮುಚ್ಚಿದ್ದರೆ ವಾಲ್ವ್ ಕ್ಯಾಮ್ ಹೇಳಿದಂತೆ ತೆರೆಯುತ್ತದೆ; ಸೊಲೆನಾಯ್ಡ್ ತೆರೆದರೆ ಆಯಿಲ್ ಪಕ್ಕಕ್ಕೆ ಜಾರಿಕೊಳ್ಳುತ್ತದೆ, ಕ್ಯಾಮ್ ಒತ್ತುತ್ತಿದ್ದರೂ ವಾಲ್ವ್ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಬೇಗ ಮುಚ್ಚುವುದು, ತಡವಾಗಿ ತೆರೆಯುವುದು, ಒಂದೇ ಸ್ಟ್ರೋಕ್‌ನಲ್ಲಿ ಎರಡು ಸಲ ತೆರೆಯುವುದು ಎಲ್ಲವೂ ಸಾಧ್ಯ, ಅದೂ ಪ್ರತಿ ಸಿಲಿಂಡರಿಗೆ ಪ್ರತ್ಯೇಕವಾಗಿ. ಶಕ್ತಿ ಶೇ. 10ರವರೆಗೆ, ಕೆಳವೇಗದ ಟಾರ್ಕ್ ಶೇ. 15ರವರೆಗೆ ಏರುತ್ತದೆ, ಇಂಧನ ಶೇ. 10ರವರೆಗೆ ಉಳಿಯುತ್ತದೆ ಎಂದು ಕಂಪನಿ ಹೇಳಿತ್ತು. ಕ್ಯಾಮ್‌ನ ಆಕಾರವನ್ನು ಮೀರಿ ಹೆಚ್ಚು ತೆರೆಯಲಾಗದು ಎಂಬುದೊಂದೇ ಚಲನೆಯ ಮಿತಿ.

ಇಷ್ಟೆಲ್ಲ ಸ್ವಾತಂತ್ರ್ಯದ ಭಾರವನ್ನು ಹೊರುವುದು ಎಂಜಿನ್ ಆಯಿಲ್. ಫೇಸರ್‌ನಲ್ಲಿ ಆಯಿಲ್ ಕೆಟ್ಟರೆ ಸಮಯ ಹೊಂದಿಸುವುದು ನಿಧಾನವಾಗುತ್ತದೆ. ಇಲ್ಲಿ ಆಯಿಲ್ ಕೆಟ್ಟರೆ ವಾಲ್ವ್ ತೆರೆಯುವುದೇ ಕುಂದುತ್ತದೆ, ಏಕೆಂದರೆ ಕ್ಯಾಮ್ ಮತ್ತು ವಾಲ್ವ್ ನಡುವಿನ ಕೊಂಡಿಯೇ ಆಯಿಲ್. ಆಯಿಲ್‌ನಲ್ಲಿ ಗಾಳಿಗುಳ್ಳೆ ಬೆರೆತರೂ, ಮಟ್ಟ ಇಳಿದರೂ, ದರ್ಜೆ ತಪ್ಪಿದರೂ ಪರಿಣಾಮ ತಟ್ಟುತ್ತದೆ. ಘಟಕ ಕೆಟ್ಟಾಗ ಬಿಚ್ಚಿ ಸರಿಪಡಿಸುವುದಕ್ಕಿಂತ ಇಡಿಯಾಗಿ ಬದಲಿಸುವುದೇ ಹೆಚ್ಚು. ಆಯಿಲ್ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರಿಗೆ ಇದು ಬಹಳ ಹಿತವಾದ ಎಂಜಿನ್. ಆ ಶಿಸ್ತು ತಮ್ಮಲ್ಲಿ ಇಲ್ಲವೆಂದು ತಿಳಿದವರು ಸರಳ ಫೇಸರ್‌ನ ಎಂಜಿನ್ ಆರಿಸಿಕೊಳ್ಳಲಿ.

ಕ್ಯಾಮೇ ಇಲ್ಲದ ಎಂಜಿನ್‌ಗಾಗಿ ಕಾಯಬೇಕೇ?

ಕೊಯಿನಿಗ್‌ಸೆಗ್ 2020ರಲ್ಲಿ ಪ್ರಕಟಿಸಿದ 2 ಲೀಟರಿನ ಮೂರು ಸಿಲಿಂಡರ್ ಎಂಜಿನ್‌ಗೆ ಕ್ಯಾಮ್‌ಶಾಫ್ಟೇ ಇರಲಿಲ್ಲ. 600 ಅಶ್ವಶಕ್ತಿಯ ಅದರ ಪ್ರತಿ ವಾಲ್ವೂ ಸಂಪೀಡಿತ ಗಾಳಿಯಿಂದ ಸ್ವತಂತ್ರವಾಗಿ ತೆರೆಯುವಂತೆ ರೂಪಿಸಲಾಗಿತ್ತು. ಕ್ಯಾಮ್ ತೆಗೆದುಹಾಕುವುದರಲ್ಲಿನ ಕಷ್ಟ ವಾಲ್ವ್ ತೆರೆಯುವುದಕ್ಕಿಂತ ಅದನ್ನು ಮೆಲ್ಲಗೆ ಕೂರಿಸುವುದರಲ್ಲಿದೆ. ಕ್ಯಾಮ್‌ನ ಇಳಿಜಾರು ವಾಲ್ವನ್ನು ಸೀಟಿನ ಮೇಲೆ ತಾನೇ ನಿಧಾನವಾಗಿ ಇಳಿಸುತ್ತದೆ. ಅದಿಲ್ಲದಿದ್ದರೆ ಕೆಲವು ಮಿಲಿಸೆಕೆಂಡುಗಳೊಳಗೆ ಆ ನಿಧಾನವನ್ನು ಎಲೆಕ್ಟ್ರಾನಿಕ್ಸ್ ತರಬೇಕು, ಪ್ರತಿ ಸಲವೂ, ಕೋಟಿಗಟ್ಟಲೆ ಸಲ. ಹಡಗುಗಳ ದೈತ್ಯ ಎರಡು ಸ್ಟ್ರೋಕ್ ಡೀಸೆಲ್ ಎಂಜಿನ್‌ಗಳಲ್ಲಿ 2000ರ ದಶಕದಿಂದಲೇ ಎಕ್ಸಾಸ್ಟ್ ವಾಲ್ವನ್ನು ಕ್ಯಾಮ್ ಇಲ್ಲದೆ ಹೈಡ್ರಾಲಿಕ್ ಒತ್ತಡದಿಂದ ತೆರೆಯುತ್ತಿದ್ದಾರೆ. ಆದರೆ ಅವು ಸುತ್ತುವುದು 100 ಆರ್‌ಪಿಎಂ ಆಸುಪಾಸಿನಲ್ಲಿ, ಒಂದು ಸುತ್ತಿಗೆ 0.6 ಸೆಕೆಂಡಿನ ಬಿಡುವಿರುತ್ತದೆ. ದಿನಬಳಕೆಯ ಕಾರಿಗಾಗಿ ಇದನ್ನು ಕಾಯುತ್ತಾ ಕೊಳ್ಳುವುದನ್ನು ಮುಂದೂಡಬೇಡಿ.

ಯಾರಿಗೆ ಯಾವುದು

ಟರ್ಬೊ ಇದೆಯೇ ಇಲ್ಲವೇ ಎಂಬುದು ಇಡೀ ಲೆಕ್ಕವನ್ನು ತಿರುಗಿಸುತ್ತದೆ. ಚಿಕ್ಕ ಟರ್ಬೊ ಎಂಜಿನ್ ಅದೇ ಕೆಲಸಕ್ಕೆ ಹೆಚ್ಚು ಹೊರೆಯಲ್ಲಿ ದುಡಿಯುವುದರಿಂದ ಅದರ ಥ್ರಾಟಲ್ ಮೊದಲೇ ಹೆಚ್ಚು ತೆರೆದಿರುತ್ತದೆ. ಹಂತವಿಲ್ಲದ ಲಿಫ್ಟ್ ಉಳಿಸಬೇಕಾದ ನಷ್ಟವೇ ಅಲ್ಲಿ ಕಡಿಮೆ. ಅದಕ್ಕೆ ಬೇಕಾದದ್ದು ಎರಡೂ ಬದಿಯ ಫೇಸರ್. ಕೆಳವೇಗದಲ್ಲಿ ಒಳಬರುವ ಗಾಳಿಯ ಒತ್ತಡ ಎಕ್ಸಾಸ್ಟಿನ ಒತ್ತಡವನ್ನು ಮೀರಿದಾಗ ಓವರ್‌ಲ್ಯಾಪ್ ಹೆಚ್ಚಿಸಿದರೆ ಹೊಸ ಗಾಳಿ ಹಳೆಯ ಅನಿಲವನ್ನು ಗುಡಿಸಿ ಹೊರಹಾಕುತ್ತದೆ, ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. ಇಂಧನವನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್‌ನಲ್ಲಿ ಮಾತ್ರ ಇದು ಸುರಕ್ಷಿತ; ಇಲ್ಲವಾದರೆ ಇಂಧನವೂ ಗಾಳಿಯ ಜೊತೆ ಹೊರಟುಹೋಗುತ್ತದೆ. ಇನ್‌ಲೆಟ್ ವಾಲ್ವನ್ನು ಬೇಗ ಮುಚ್ಚುವ ಮಿಲ್ಲರ್ ಚಕ್ರದ ಟರ್ಬೊ ಎಂಜಿನ್‌ಗಳು, ಫೋಕ್ಸ್‌ವ್ಯಾಗನ್ ಕಂಪನಿಯ 12.5 ಸಂಪೀಡನ ಅನುಪಾತದ 1.5 ಲೀಟರಿನಂಥವು, ದೂರ ಪ್ರಯಾಣದ ಇಂಧನ ಲೆಕ್ಕದಲ್ಲಿ ನನಗೆ ಬಹಳ ಮೆಚ್ಚುಗೆಯಾಗಿವೆ.

ಟರ್ಬೊ ಇಲ್ಲದ ಕಾರಿನಲ್ಲಿ ದಟ್ಟಣೆಯ ಸಂಚಾರವೇ ನಿಮ್ಮ ದಿನಚರಿಯಾಗಿದ್ದರೆ, ಖರ್ಚಿಗೆ ಅವಕಾಶವಿರುವವರಿಗೆ ಹಂತವಿಲ್ಲದ ಲಿಫ್ಟ್. ಕೈ ಬಿಗಿಯಿರುವವರಿಗೆ ಎರಡೂ ಬದಿಯ ಫೇಸರ್. ಅದಕ್ಕೂ ಮೀರಿ ಸಂಚಾರ ದಟ್ಟವಾಗಿದ್ದರೆ ತಡವಾಗಿ ಮುಚ್ಚುವ ಇನ್‌ಲೆಟ್ ವಾಲ್ವ್‌ನ ಹೈಬ್ರಿಡ್. ಬೈಕಿನಲ್ಲಿ ಸಣ್ಣ ಎಂಜಿನ್‌ಗೆ ಎರಡು ಹಂತದ ವ್ಯವಸ್ಥೆಯೇ ಅತ್ಯಂತ ಹೊಂದುವಂಥದ್ದು, ಏಕೆಂದರೆ ಅದು ಕೆಲಸ ಮಾಡಬೇಕಾದ ವೇಗದ ಹರವು ಕಾರಿನದ್ದಕ್ಕಿಂತ ಬಹಳ ಅಗಲ. ಸುಜುಕಿಯ 2017ರ ಜಿಎಸ್‌ಎಕ್ಸ್-ಆರ್1000 ಬೈಕಿನಲ್ಲಿ ಉಕ್ಕಿನ ಗುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಇನ್‌ಲೆಟ್ ಕ್ಯಾಮನ್ನು ತಿರುಗಿಸುತ್ತವೆ. ಸೊಲೆನಾಯ್ಡೂ ಇಲ್ಲ, ಆಯಿಲ್ ಒತ್ತಡದ ಹಂಗೂ ಇಲ್ಲ. ಇಷ್ಟು ಸರಳವಾದ ಪರಿಹಾರವನ್ನು ಕಂಡಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಡೀಸೆಲ್ ಕೊಳ್ಳುವವರು ಈ ಚರ್ಚೆಯನ್ನು ಹೆಚ್ಚು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಡೀಸೆಲ್‌ನಲ್ಲಿ ಶಕ್ತಿಯನ್ನು ಹತೋಟಿಯಲ್ಲಿಡುವುದು ಇಂಧನದ ಪ್ರಮಾಣವೇ ಹೊರತು ಥ್ರಾಟಲ್ ಅಲ್ಲ, ಆದ್ದರಿಂದ ಉಳಿಸಬೇಕಾದ ಪಂಪಿಂಗ್ ನಷ್ಟ ಅಲ್ಪ. ಪಿಸ್ಟನ್ ವಾಲ್ವ್‌ಗಳಿಗೆ ತೀರ ಹತ್ತಿರ ಬರುವುದರಿಂದ ಸಮಯ ಸರಿಸಲು ಜಾಗವೂ ಕಡಿಮೆ. ಅಲ್ಲಿ ಇದರ ಮುಖ್ಯ ಉಪಯೋಗ ಎಕ್ಸಾಸ್ಟ್ ಅನಿಲವನ್ನು ಬಿಸಿಯಾಗಿಟ್ಟು ಶುದ್ಧೀಕರಣ ಘಟಕಕ್ಕೆ ನೆರವಾಗುವುದು, ಮತ್ತು ಭಾರಿ ವಾಹನಗಳಲ್ಲಿ ಎಕ್ಸಾಸ್ಟ್ ವಾಲ್ವನ್ನು ಸಂಪೀಡನದ ಕೊನೆಯಲ್ಲಿ ತೆರೆದು ಎಂಜಿನನ್ನೇ ಬ್ರೇಕ್ ಆಗಿಸುವುದು. ಇಳಿಜಾರಿನ ದಾರಿಯ ಲಾರಿಗೆ ಆ ಎಂಜಿನ್ ಬ್ರೇಕ್ ಖಂಡಿತ ಬೇಕು.

ಬಳಸಿದ ವಾಹನ ನೋಡಲು ಹೋಗುವವರು ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲ ಸ್ಟಾರ್ಟ್‌ನ ಸದ್ದನ್ನು ಬಾನೆಟ್ ತೆರೆದಿಟ್ಟು ಕೇಳಿ. ಒಂದೆರಡು ಸೆಕೆಂಡಿನ ಕಟಕಟ ಕೇಳಿಸಿದರೆ ಫೇಸರ್ ಅಥವಾ ಚೈನಿನ ಕಡೆ ಅನುಮಾನಿಸಿ. ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಕಪ್ಪು ಜಿಡ್ಡು ಮೆತ್ತಿದೆಯೇ ನೋಡಿ. ಸ್ಕ್ಯಾನರ್ ಜೋಡಿಸಿದಾಗ ಪಿ0011 ಎಂಬ ದೋಷಸಂಕೇತ ಬಂದರೆ ಇನ್‌ಲೆಟ್ ಕ್ಯಾಮ್ ಇರಬೇಕಾದ ಸ್ಥಾನಕ್ಕಿಂತ ಮುಂದಿದೆ, ಪಿ0012 ಎಂದು ಬಂದರೆ ಹಿಂದುಳಿದಿದೆ ಎಂದರ್ಥ. ಇವೆರಡೂ ಹಲವು ಬಾರಿ ಸೊಲೆನಾಯ್ಡ್ ಮತ್ತು ಆಯಿಲ್‌ನಲ್ಲಿಯೇ ಬಗೆಹರಿಯುತ್ತವೆ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಹೊಂದಾಣಿಕೆಯೇ ತಪ್ಪಿದೆ, ಚೈನ್ ಹಿಗ್ಗಿರಬಹುದು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳದೆ ಮುಂದುವರಿಯಬೇಡಿ.

ಇಷ್ಟಾದ ಮೇಲೂ ಎರಡು ಮಾದರಿಗಳು ಸಮವೆನಿಸಿದರೆ ಎರಡನ್ನೂ ಒಂದೇ ದಾರಿಯಲ್ಲಿ, ಮೇಲಿನ ಗೇರಿನಲ್ಲಿ, 1500ರಿಂದ 2500 ಆರ್‌ಪಿಎಂ ನಡುವೆ ಹಗುರ ಪಾದದಿಂದ ಓಡಿಸಿ ನೋಡಿ. ಸಣ್ಣ ಏರು ಬಂದಾಗ ಗೇರ್ ಇಳಿಸದೆ, ನಡುಗದೆ ಯಾವುದು ಎಳೆದುಕೊಂಡು ಹೋಗುತ್ತದೋ ಅದರ ವಾಲ್ವ್ ವ್ಯವಸ್ಥೆ ನಿಮ್ಮ ಬಳಕೆಗೆ ಹೊಂದುವಂಥದ್ದು.